ಹಾಕಿ ಹುಡುಗರ ಬಸ್ಸಿನ ಹಿಂದೆ

ಭಾನುವಾರ, ಕ್ಯಾಲ್ಗರಿ

ನಮ್ಮ ಸಾಲಿನಲ್ಲಿ ಬರಿಗೈಯಲ್ಲಿ ಬಂದವರು ಯಾರೂ ಇರಲಿಲ್ಲ. ಎಲ್ಲರ ತೊಡೆಯ ಮೇಲೂ ಒಂದೊಂದು ಬೊಂಬೆ. ಕರಡಿ, ಮೊಲ, ಆನೆ. ಪಕ್ಕದ ಅಜ್ಜಿ ಒಂದು ದೊಡ್ಡ ಕಸದ ಚೀಲದ ತುಂಬಾ ತಂದಿದ್ದರು. ಕೆನಡಾದ ಈ ಊರಿನ ಐಸ್ ಹಾಕಿ ತಂಡ ಕ್ಯಾಲ್ಗರಿ ಹಿಟ್‌ಮೆನ್ ಮೊದಲ ಗೋಲು ಹೊಡೆಯುವವರೆಗೆ ಅವನ್ನು ಕೈಯಲ್ಲೇ ಹಿಡಿದುಕೊಂಡಿರಬೇಕು. ಗೋಲಾದ ಕೂಡಲೇ ಎಲ್ಲರೂ ಒಟ್ಟಿಗೆ ಎಸೆಯಬೇಕು.

ಗೋಲು ಬಿತ್ತು. ಆಮೇಲೆ ಐಸೇ ಕಾಣಲಿಲ್ಲ. ಮೇಲಿನ ಗ್ಯಾಲರಿಯಿಂದ ಎಸೆದದ್ದು ಕೆಳಗೆ ಕೂತವರ ತಲೆಗೆ, ಅವರು ಮತ್ತೆ ಎತ್ತಿ ಮುಂದಕ್ಕೆ. ಗೋಲು ಹೊಡೆದ ಹುಡುಗ ಬೊಂಬೆ ರಾಶಿಗೆ ಹೊಟ್ಟೆಯಡಿಯಾಗಿ ಹಾರಿದ. ಆಟ ನಿಂತಿತು, ಗುಡಿಸುವ ಕೆಲಸ ಶುರುವಾಯಿತು. ಈ ಪದ್ಧತಿ ಹುಟ್ಟಿದ್ದು 1993ರ ಡಿಸೆಂಬರ್‌ನಲ್ಲಿ, ಬ್ರಿಟಿಷ್ ಕೊಲಂಬಿಯಾದ ಕ್ಯಾಮ್‌ಲೂಪ್ಸ್ ಊರಲ್ಲಿ. ಈಗ ಎಲ್ಲಾ ಕಡೆ ಇದೆ. 2018ರಲ್ಲಿ ಇದೇ ಸ್ಯಾಡಲ್‌ಡೋಮ್ ಕ್ರೀಡಾಂಗಣದಲ್ಲಿ 29,635 ಬೊಂಬೆ ಬಿದ್ದಿದ್ದವು. ಎಲ್ಲವೂ ಮಕ್ಕಳ ಆಸ್ಪತ್ರೆಗೆ, ಬಡವರ ಮನೆಗಳಿಗೆ ಹೋಗುತ್ತವೆ.

ನನ್ನ ಜೊತೆ ಬಂದಿದ್ದವನು ವಿರಾಜಪೇಟೆ ಕಡೆಯ ಗೆಳೆಯ. ಕೊಡಗಿನವರಿಗೆ ಹಾಕಿ ಅಂದರೆ ಏನು ಅಂತ ಹೇಳಬೇಕಾಗಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ 2024ರ ಹೊತ್ತಿಗೆ 360 ಮನೆತನದ ತಂಡಗಳು ಇಳಿದಿದ್ದವು. ಇವನ ಮನೆತನದ ತಂಡದಲ್ಲಿ ಅವನ ಅತ್ತೆಯೂ ಆಡಿದ್ದಾರಂತೆ. ಇಲ್ಲಿಗೆ ಬಂದ ಮೊದಲ ವರ್ಷ "ಐಸ್ ಮೇಲೆ ಹಾಕಿ ಎಂಥದ್ದು ಮಾರಾಯ, ಬರೀ ಜಗಳ" ಅನ್ನುತ್ತಿದ್ದ. ಈಗ ಅವನೇ ವೇಳಾಪಟ್ಟಿ ಇಟ್ಟುಕೊಂಡು ರಜೆ ಹಾಕುತ್ತಾನೆ.

ನಾವು ನೋಡ ಹೊರಟಿದ್ದು ವೃತ್ತಿಪರರ ದೊಡ್ಡ ಲೀಗ್ ಎನ್‌ಎಚ್‌ಎಲ್ ಅಲ್ಲ. ಅಲ್ಲಿನ ಟಿಕೆಟ್ ದರ ಕೇಳಿದರೆ ಸಾಕು, ಮನೆಯಲ್ಲೇ ಟಿವಿ ಹಾಕೋಣ ಅನಿಸುತ್ತದೆ. ಇದು ವೆಸ್ಟರ್ನ್ ಹಾಕಿ ಲೀಗ್, 1966ರಲ್ಲಿ ಶುರುವಾದದ್ದು. ಕೆನಡಾದ ಮೂರು ದೊಡ್ಡ ಜೂನಿಯರ್ ಲೀಗ್‌ಗಳಲ್ಲಿ ಒಂದು. ಆಡುವವರೆಲ್ಲ ಹೆಚ್ಚುಕಡಿಮೆ 16ರಿಂದ 20 ವರ್ಷದ ಹುಡುಗರು. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಒಬ್ಬೊಬ್ಬರ ತಂಡಕ್ಕೂ 68 ಪಂದ್ಯ. ಅರ್ಧ ತವರಲ್ಲಿ, ಅರ್ಧ ಬೇರೆ ಊರಲ್ಲಿ. ಪ್ರಿನ್ಸ್ ಆಲ್ಬರ್ಟ್ ಅನ್ನುವ ಊರಿನ ಹುಡುಗರು ವ್ಯಾಂಕೋವರ್‌ಗೆ ಹೋಗಬೇಕಾದರೆ 1,600 ಕಿಲೋಮೀಟರಿಗೂ ಜಾಸ್ತಿ. ವಿಮಾನ ಅಲ್ಲ, ಬಸ್ಸು.

ಆ ಬಸ್ಸು ಹೋಗುವ ರಸ್ತೆಯಲ್ಲಿ ನಾವೂ ಹೋಗಿ ನೋಡೋಣ ಅನ್ನುವುದೇ ಈ ಪ್ರವಾಸ.

ಸೋಮವಾರ, ಮಂಗಳವಾರ, ಮೆಡಿಸಿನ್ ಹ್ಯಾಟ್

ಒಂದನೇ ನಂಬರ್ ಹೆದ್ದಾರಿ ಹಿಡಿದು ಪೂರ್ವಕ್ಕೆ. ಸುಮಾರು 300 ಕಿಲೋಮೀಟರ್. ಸ್ಟ್ರಾತ್‌ಮೋರ್ ದಾಟಿದ ಮೇಲೆ ಗುಡ್ಡ ಅನ್ನುವುದೇ ಇಲ್ಲ. ತೀರ್ಥಹಳ್ಳಿಯಲ್ಲಿ ಬೆಳೆದ ನನಗೆ ಇಷ್ಟು ಬಯಲು ಇವತ್ತಿಗೂ ಸ್ವಲ್ಪ ಭಯವೇ. ಬ್ರೂಕ್ಸ್ ಹತ್ತಿರ ನಿಲ್ಲಿಸಿ ಹೆಂಡತಿ ಕಟ್ಟಿಕೊಟ್ಟ ಪುಳಿಯೋಗರೆ ತಿಂದೆವು. ಕಾರಿನ ಒಳಗೇ. ಹೊರಗೆ ಮೈನಸ್ 19.

ಈ ಊರಿನ ಕೆಳಗೆ ನೈಸರ್ಗಿಕ ಅನಿಲ ಇದೆ. ಗ್ಯಾಸ್ ಸಿಟಿ ಅಂತಲೇ ಹೆಸರು. ಪೇಟೆ ಬೀದಿಯಲ್ಲಿ ಈಗಲೂ ಗ್ಯಾಸ್ ದೀಪದ ಕಂಬಗಳಿವೆ. ಹೆದ್ದಾರಿ ಪಕ್ಕದಲ್ಲಿ 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ಗೆ ಮಾಡಿದ್ದ ಸಾಮಿಸ್ ಟೀಪಿ ನಿಂತಿದೆ, ಸುಮಾರು 65 ಮೀಟರ್ ಎತ್ತರದ ಉಕ್ಕಿನ ಗುಡಾರ. ಗಾಳಿಯಲ್ಲಿ ಫೋಟೊ ತೆಗೆಯುವಷ್ಟರಲ್ಲಿ ಬೆರಳು ಮರಗಟ್ಟಿತು.

ಮಂಗಳವಾರ ಸಂಜೆ ಪಂದ್ಯ. ಮೆಡಿಸಿನ್ ಹ್ಯಾಟ್ ಟೈಗರ್ಸ್ 1987 ಮತ್ತು 1988ರಲ್ಲಿ ಸಾಲಾಗಿ ಮೆಮೋರಿಯಲ್ ಕಪ್ ಗೆದ್ದ ತಂಡ. ಆಗ ಆಡಿದ್ದ ಟ್ರೆವರ್ ಲಿಂಡನ್ ಇದೇ ಊರಿನ ಹುಡುಗ. ಮೆಮೋರಿಯಲ್ ಕಪ್ ಅಂದರೆ ಇಡೀ ಕೆನಡಾದ ಜೂನಿಯರ್ ಹಾಕಿಯ ಕೊನೆಯ ಮೆಟ್ಟಿಲು. ಮೊದಲ ಮಹಾಯುದ್ಧದಲ್ಲಿ ಸತ್ತವರ ನೆನಪಿಗೆ 1919ರಲ್ಲಿ ಶುರು ಮಾಡಿದ್ದು. 2025ರಲ್ಲೂ ಟೈಗರ್ಸ್ ಲೀಗ್ ಗೆದ್ದು ಅದರ ಫೈನಲ್ ತನಕ ಹೋಗಿದ್ದರು. ಅಲ್ಲಿ ಲಂಡನ್ ನೈಟ್ಸ್ ಎದುರು ಸೋತರು. ಇದು ಒಂಟಾರಿಯೊದ ಲಂಡನ್.

ಆ ವರ್ಷ ಇಲ್ಲಿ ಗ್ಯಾವಿನ್ ಮೆಕೆನ್ನಾ ಅಂತ ಯೂಕಾನ್ ಕಡೆಯ ಹುಡುಗ ಆಡುತ್ತಿದ್ದ. 56 ಪಂದ್ಯದಲ್ಲಿ 129 ಪಾಯಿಂಟ್. ಗೋಲು ಹೊಡೆದರೂ ಒಂದು, ಗೋಲಿಗೆ ಪಾಸ್ ಕೊಟ್ಟರೂ ಒಂದು, ಹಾಗೆ ಲೆಕ್ಕ. ಅವನು ಮುಂದಿನ ವರ್ಷ ಅಮೆರಿಕದ ಪೆನ್ ಸ್ಟೇಟ್ ಕಾಲೇಜಿಗೆ ಹೋದ. ಮೊದಲೆಲ್ಲ ಹೀಗೆ ಹೋಗಲು ಆಗುತ್ತಿರಲಿಲ್ಲ. ಈ ಲೀಗ್‌ನಲ್ಲಿ ಆಡಿದವರನ್ನು ಅಮೆರಿಕದ ಕಾಲೇಜು ಹಾಕಿ ವೃತ್ತಿಪರರು ಅಂತ ಹೊರಗಿಡುತ್ತಿತ್ತು. 2024ರ ನವೆಂಬರ್‌ನಲ್ಲಿ ಆ ನಿಯಮ ತೆಗೆದರು. ಹಿಂದಿನ ಸಾಲಿನಲ್ಲಿದ್ದ ಒಬ್ಬರಿಗೆ ಇದರ ಮೇಲೆ ಭಾರಿ ಸಿಟ್ಟು. "ನಾವು ಬೆಳೆಸೋದು, ಅವರು ಕೊಯ್ಯೋದು" ಅನ್ನುವ ಧಾಟಿಯಲ್ಲಿ ಆಟದ ಮೂರು ಪೀರಿಯಡ್‌ಗಳಲ್ಲಿ ಎರಡು ಪೀರಿಯಡ್ ಮಾತಾಡಿದರು. ಹುಡುಗನ ಕಡೆಯಿಂದ ನೋಡಿದರೆ ನನಗೇನೂ ತಪ್ಪು ಕಾಣಲಿಲ್ಲ. ಇಲ್ಲಿ ಸಂಬಳ ಅಂತ ಇಲ್ಲ, ಕೈಖರ್ಚಿಗೆ ಸ್ವಲ್ಪ ದುಡ್ಡು. ಆಡಿದ ಒಂದೊಂದು ಸೀಸನ್‌ಗೆ ಒಂದೊಂದು ವರ್ಷದ ಕಾಲೇಜು ಫೀಸನ್ನು ಲೀಗ್ ಕೊಡುತ್ತದೆ, ಅದು ಒಳ್ಳೆಯದೇ. ಆದರೂ ದಾರಿ ಎರಡಿದ್ದರೆ ಹುಡುಗರಿಗೇ ಲಾಭ ಅಲ್ವಾ?

ಐಸ್ ಹಾಕಿ ನೋಡದವರಿಗೆ ಒಂದು ಮಾತು. ಟಿವಿಯಲ್ಲಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಗಾಜಿನ ಪಕ್ಕ ಕೂರಬೇಕು. ಪಕ್ ಅಂದರೆ ಮೂರು ಇಂಚು ಅಗಲ, ಒಂದು ಇಂಚು ದಪ್ಪದ ರಬ್ಬರ್ ಬಿಲ್ಲೆ. ಪುಟಿಯಬಾರದು ಅಂತ ಆಟಕ್ಕೆ ಮುಂಚೆ ಅದನ್ನು ಫ್ರೀಜರ್‌ನಲ್ಲಿ ಇಟ್ಟಿರುತ್ತಾರೆ. ಅದು ಮೂಗಿನ ನೇರಕ್ಕೆ ಗಾಜಿಗೆ ಬಡಿದಾಗ ಕೈಯಲ್ಲಿದ್ದ ಕಾಫಿ ಅರ್ಧ ಚೆಲ್ಲಿತು. ಗಾಜಿನ ಮೇಲೆ ಕಪ್ಪು ಗುರುತು ಉಳಿಯಿತು. ಹುಡುಗರು ಮುಕ್ಕಾಲು ನಿಮಿಷ ಜೀವ ಬಿಟ್ಟು ಆಡುತ್ತಾರೆ, ಬೇಲಿ ಹಾರಿ ಬೆಂಚಿಗೆ ಬೀಳುತ್ತಾರೆ, ಅಷ್ಟರಲ್ಲಿ ಬೇರೆ ಐವರು ಇಳಿದಾಗಿರುತ್ತದೆ.

ಬುಧವಾರ, ಸ್ವಿಫ್ಟ್ ಕರೆಂಟ್

ಸಸ್ಕ್ಯಾಚುವಾನ್ ಗಡಿ ದಾಟಿದರೆ ಗಡಿಯಾರ ಒಂದು ಗಂಟೆ ಮುಂದೆ. ಊರಿನ ಜನಸಂಖ್ಯೆ ಹದಿನಾರು ಹದಿನೇಳು ಸಾವಿರ. ನಮ್ಮ ಕಡೆ ತಾಲ್ಲೂಕು ಕೇಂದ್ರದಷ್ಟು. ಇಲ್ಲಿ ಬ್ರಾಂಕೋಸ್ ತಂಡಕ್ಕೆ ಸಾಹುಕಾರ ಮಾಲೀಕ ಅಂತ ಯಾರೂ ಇಲ್ಲ. ಊರೇ ಮಾಲೀಕ. ಮೂಸ್ ಜಾ, ಪ್ರಿನ್ಸ್ ಆಲ್ಬರ್ಟ್ ತಂಡಗಳೂ ಹಾಗೇ.

ನನ್ನ ಜೊತೆ ಕೆಲಸ ಮಾಡುವವರ ಅಕ್ಕ ಈ ಊರಿನಲ್ಲಿದ್ದಾರೆ. ಮಧ್ಯಾಹ್ನ ಅವರ ಮನೆಗೆ ಕರೆದಿದ್ದರು. ಅವರದು ಬಿಲೆಟ್ ಮನೆ. ಬಿಲೆಟ್ ಅಂದರೆ ಬೇರೆ ಊರಿಂದ ಬಂದ ಆಟಗಾರನನ್ನು ಸೀಸನ್ ಪೂರ್ತಿ ಮನೆಯಲ್ಲಿ ಇಟ್ಟುಕೊಳ್ಳುವವರು. ತಂಡದಿಂದ ತಿಂಗಳಿಗೆ ಇಷ್ಟು ಅಂತ ಊಟದ ಖರ್ಚಿಗೆ ಕೊಡುತ್ತಾರೆ. "ಅದು ಹಾಲಿಗೇ ಸಾಲಲ್ಲ" ಅಂತ ಆಕೆ ನಕ್ಕರು. ಫ್ರಿಜ್ ತೆಗೆದು ತೋರಿಸಿದರು. ನಾಲ್ಕು ಲೀಟರಿನ ಹಾಲಿನ ಕ್ಯಾನುಗಳು, ಒಂದು ತಟ್ಟೆ ತುಂಬ ಬೇಯಿಸಿದ ಮೊಟ್ಟೆ, ಮೇಲೆ ಚೀಟಿ: ಇವತ್ತು ಪಂದ್ಯ, ಯಾರೂ ಮುಟ್ಟಬೇಡಿ.

ಹುಡುಗ ಒಳಗೆ ಮಲಗಿದ್ದ. ಪಂದ್ಯದ ದಿನ ಮಧ್ಯಾಹ್ನ ಎಲ್ಲರೂ ಮಲಗುತ್ತಾರಂತೆ. ಎದ್ದು ಬಂದ ಮೇಲೆ ನೋಡಿದರೆ ಮೀಸೆಯೂ ಸರಿಯಾಗಿ ಬಂದಿಲ್ಲ. ಬೆಳಗ್ಗೆ ಹೈಸ್ಕೂಲು, ಆಮೇಲೆ ಪ್ರಾಕ್ಟೀಸು, ರಾತ್ರಿ ಹೋಮ್‌ವರ್ಕು. ನಮ್ಮನ್ನು ಕಂಡು ಕೈಕುಲುಕಿ "ಸರ್" ಅಂದ. ಬಾಗಿಲ ಹತ್ತಿರ ಕೂತು ಹೊಸ ಸ್ಟಿಕ್ಕಿಗೆ ಕಪ್ಪು ಟೇಪು ಸುತ್ತತೊಡಗಿದ. ತುದಿಯಿಂದ ಹಿಂದಕ್ಕೆ, ಒಂದು ಸುತ್ತಿನ ಮೇಲೆ ಅರ್ಧ ಸುತ್ತು ಕೂರುವ ಹಾಗೆ. ಮಧ್ಯೆ ಎಲ್ಲೋ ಸುಕ್ಕಾಯಿತು. ಪೂರ್ತಿ ಕಿತ್ತು ಮೊದಲಿನಿಂದ ಸುತ್ತಿದ. ಗೆಳೆಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡಿದ. ತನ್ನ ಸ್ಟಿಕ್ಕಿನ ಹಿಡಿಗೆ ತಾನು ಹೇಗೆ ಗ್ರಿಪ್ ಸುತ್ತುತ್ತಿದ್ದೆ ಅಂತ ಕೈಯಾಡಿಸಿ ತೋರಿಸಿದ. ಆ ಹುಡುಗನಿಗೆ ಹುಲ್ಲಿನ ಮೇಲೆ ಹಾಕಿ ಆಡುತ್ತಾರೆ ಅನ್ನುವುದೇ ತಮಾಷೆ.

ಜನವರಿ ಮೊದಲ ವಾರಗಳು ಬಂದರೆ ಆಕೆಗೆ ಫೋನ್ ಗಂಟೆ ಕೇಳಿದರೆ ಆಗುವುದಿಲ್ಲವಂತೆ. ಆಗ ಟ್ರೇಡ್ ಗಡುವು, ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಕೊನೆಯ ದಿನ. ಯಾವ ಹುಡುಗ ಯಾವ ಊರಿಗೆ ಹೋಗಬೇಕಾಗುತ್ತದೋ. ಹಿಂದೆ ಅವರ ಮನೆಯಲ್ಲಿದ್ದ ಒಬ್ಬ ಒಂದು ಮಧ್ಯಾಹ್ನ ಸ್ಕೂಲಿಂದ ಬಂದವನು ಸಂಜೆ ಚೀಲ ಕಟ್ಟಿದ. ಲೀಗ್‌ನಲ್ಲಿ ನನಗೆ ಸರಿ ಕಾಣದ ಸಂಗತಿ ಇದೇ. ವೃತ್ತಿಪರರನ್ನು ಹಾಗೆ ಕೊಟ್ಟು ತಗೊಳ್ಳಲಿ. ಹೈಸ್ಕೂಲು ಹುಡುಗನನ್ನು ವರ್ಷದ ಮಧ್ಯೆ ಎತ್ತಂಗಡಿ ಮಾಡುವುದು ಏನು ನ್ಯಾಯ?

ಈ ಊರಿಗೆ ಬಂದವರು ನಾಲ್ಕೆಲೆಯ ಕ್ಲೋವರ್ ಗುರುತನ್ನು ನೋಡದೆ ಹೋಗುವ ಹಾಗಿಲ್ಲ. 1986ರ ಡಿಸೆಂಬರ್ 30ರಂದು ಬ್ರಾಂಕೋಸ್ ತಂಡದ ಬಸ್ಸು ರೆಜೈನಾಗೆ ಹೊರಟಿತ್ತು. ಊರು ದಾಟಿದ ಸ್ವಲ್ಪ ಹೊತ್ತಿಗೆ ಹಿಮಗಟ್ಟಿದ ರಸ್ತೆಯಲ್ಲಿ ಜಾರಿ ಉರುಳಿತು. ಹಿಂದಿನ ಸೀಟುಗಳಲ್ಲಿ ಇಸ್ಪೀಟು ಆಡುತ್ತಿದ್ದ ನಾಲ್ವರು ಹೋದರು. ಟ್ರೆಂಟ್ ಕ್ರೆಸ್ಸಿ, ಸ್ಕಾಟ್ ಕ್ರೂಗರ್, ಕ್ರಿಸ್ ಮಾಂಟಿಕಾ, ಬ್ರೆಂಟ್ ರಫ್. ಮುಂದೆ ಎನ್‌ಎಚ್‌ಎಲ್‌ನ ದೊಡ್ಡ ಹೆಸರಾದ ಜೋ ಸಾಕಿಕ್ ಅದೇ ಬಸ್ಸಿನಲ್ಲಿದ್ದರು. ಎರಡೂವರೆ ವರ್ಷದೊಳಗೆ, 1989ರಲ್ಲಿ, ಈ ಪುಟ್ಟ ಊರಿನ ತಂಡ ಮೆಮೋರಿಯಲ್ ಕಪ್ ಗೆದ್ದಿತು. ಲೀಗ್‌ನ ವರ್ಷದ ಆಟಗಾರನಿಗೆ ಕೊಡುವ ಟ್ರೋಫಿಗೆ ಈಗ ಈ ನಾಲ್ವರ ಹೆಸರೇ.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ. ಆದರೆ ಆ ತಂಡದ ಕೋಚ್ ಗ್ರಹಾಂ ಜೇಮ್ಸ್ ತನ್ನ ಕೈಕೆಳಗಿನ ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದಕ್ಕೆ 1997ರಲ್ಲಿ ಜೈಲಿಗೆ ಹೋದ. ಬಾಯಿಬಿಟ್ಟು ಹೇಳಿದವರು ಶೆಲ್ಡನ್ ಕೆನಡಿ. ಅವರೂ ಆ ಬಸ್ಸಿನಲ್ಲಿ ಬದುಕುಳಿದವರು. 1998ರಲ್ಲಿ ಅವರು ಗಾಲಿ ಸ್ಕೇಟ್ ಕಟ್ಟಿಕೊಂಡು ಕೆನಡಾದ ಉದ್ದಕ್ಕೂ ಹೋಗಿ ಈ ವಿಷಯವನ್ನು ಜನರ ಮುಂದಿಟ್ಟರು. ಬಿಲೆಟ್ ಮನೆಯಾಕೆ ಕೋಚ್‌ಗಳ ಬಗ್ಗೆ ನೂರು ಪ್ರಶ್ನೆ ಕೇಳುತ್ತಾರಂತೆ. ಕೇಳಲಿ.

ರಾತ್ರಿ ಪಂದ್ಯ ಮುಗಿದ ಮೇಲೆ ಹಿಂದಿನ ಗೇಟಿನ ಹತ್ತಿರ ನಿಂತೆವು. ಎದುರಾಳಿ ತಂಡದ ಬಸ್ಸು ಹೊಗೆ ಬಿಡುತ್ತಾ ನಿಂತಿತ್ತು. ಹುಡುಗರು ಕೋಟು, ಟೈ ಹಾಕಿ ಹೊರಬಂದರು. ಸ್ನಾನ ಮಾಡಿದ ಒದ್ದೆ ತಲೆ, ಮೈನಸ್ 27ರಲ್ಲಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕೂದಲು ಬಿಳಿ. ಒಬ್ಬೊಬ್ಬರ ಕೈಗೂ ಫಾಯಿಲ್ ಡಬ್ಬಿಯಲ್ಲಿ ಬಿಸಿ ಪಾಸ್ತಾ. ಸಾಮಾನು ನೋಡಿಕೊಳ್ಳುವವರು ಬೆವರಿನ ವಾಸನೆಯ ಚೀಲಗಳನ್ನು ಬಸ್ಸಿನ ಹೊಟ್ಟೆಗೆ ತುಂಬುತ್ತಿದ್ದರು. ಮೂರು ಗೋಲಿನಲ್ಲಿ ಸೋತಿದ್ದರು, ಆದರೂ ಒಳಗಿಂದ ನಗು ಕೇಳುತ್ತಿತ್ತು.

ಗುರುವಾರ, ಮೂಸ್ ಜಾ

ಇವತ್ತು ಪಂದ್ಯ ಇಲ್ಲ. ಬಿಸಿನೀರಿನ ಬುಗ್ಗೆಯ ಕೊಳ ಇರುವ ಹೋಟೆಲು ಇದೆ, ಅಲ್ಲೇ ಉಳಿದೆವು. ಮೈ ಬಿಸಿ, ತಲೆ ಮೇಲೆ ಹಿಮ. ಊರ ಬಾಗಿಲಲ್ಲಿ ಮ್ಯಾಕ್ ಅನ್ನುವ ಕಡವೆ ಜಾತಿಯ ಮೂಸ್ ಪ್ರತಿಮೆ ನಿಂತಿದೆ. ನಾರ್ವೆಯವರು 2015ರಲ್ಲಿ ಇದಕ್ಕಿಂತ 30 ಸೆಂಟಿಮೀಟರ್ ಎತ್ತರದ್ದನ್ನು ಕಟ್ಟಿದರು. ಇವರು ಬಿಡುತ್ತಾರಾ? 2019ರಲ್ಲಿ ಮ್ಯಾಕ್‌ಗೆ ದೊಡ್ಡ ಕೊಂಬು ಹಾಕಿಸಿ ಮತ್ತೆ ಗೆದ್ದರು.

ಇಲ್ಲಿನ ವಾರಿಯರ್ಸ್ 2024ರಲ್ಲಿ ಮೊದಲ ಬಾರಿ ಲೀಗ್ ಗೆದ್ದರು. ಆ ವರ್ಷ ತಂಡದಲ್ಲಿ ಜ್ಯಾಗರ್ ಫಿರ್ಕಸ್ ಇದ್ದ, 63 ಪಂದ್ಯದಲ್ಲಿ 126 ಪಾಯಿಂಟ್. ಆಲ್ಬರ್ಟಾದ ಇರ್ಮಾ ಅನ್ನುವ ಸುಮಾರು 500 ಜನರ ಹಳ್ಳಿಯವನು. ಅವನ ನೆಂಟರಿಷ್ಟರು, ಊರವರು ಎಲ್ಲಾ ಸೇರಿ ಪಂದ್ಯದಿಂದ ಪಂದ್ಯಕ್ಕೆ ದಂಡು ಕಟ್ಟಿಕೊಂಡು ಬರುತ್ತಿದ್ದರು. ಆ ದಂಡಿಗೆ ಫಿರ್ಕಸ್ ಸರ್ಕಸ್ ಅಂತ ಹೆಸರು. ಗೆಳೆಯನಿಗೆ ಈ ಕಥೆ ತುಂಬಾ ಹಿಡಿಸಿತು. "ಇದು ನಮ್ಮ ಕೊಡಗೇ ಮಾರಾಯ" ಅಂದ.

ಜೂನಿಯರ್ ತಂಡಗಳ ಹಣೆಬರಹ ಇಷ್ಟೇ. ಹುಡುಗರು ಇಪ್ಪತ್ತು ದಾಟಿದರೆ ಹೋಗಲೇಬೇಕು. ಹಾಗಾಗಿ ಒಂದು ವರ್ಷ ಗೆಲ್ಲುವ ಹಾಗೆ ಕಂಡರೆ ಮುಂದಿನ ವರ್ಷಗಳ ಡ್ರಾಫ್ಟ್ ಸರದಿಯನ್ನೆಲ್ಲ, ಅಂದರೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿಯನ್ನೆಲ್ಲ, ಕೊಟ್ಟು ಒಳ್ಳೆ ಆಟಗಾರರನ್ನು ತರುತ್ತಾರೆ. ವಾರಿಯರ್ಸ್ ಮ್ಯಾಥ್ಯೂ ಸವೊಯ್‌ನನ್ನು ತಂದದ್ದು ಹಾಗೇ. ಗೆದ್ದ ಮೇಲೆ ಎರಡು ಮೂರು ವರ್ಷ ಬರಗಾಲ. ಟಿಕೆಟ್ ಮಾರುವ ಅಂಗಡಿಯಾತನನ್ನು ಕೇಳಿದೆ. ಒಂದು ಕಪ್ಪಿಗೆ ಐದು ವರ್ಷ ಸೋತರೂ ಪರವಾಗಿಲ್ಲ ಅಂದ.

ಶುಕ್ರವಾರ, ರೆಜೈನಾ

70 ಕಿಲೋಮೀಟರ್, ಊಟದ ಹೊತ್ತಿಗೆ ಬಂದಾಯಿತು. ರೆಜೈನಾ ಪ್ಯಾಟ್ಸ್ 1917ರ ತಂಡ. ಒಂದೇ ಊರಿನಲ್ಲಿ ಇಷ್ಟು ಹಳೆಯ ಜೂನಿಯರ್ ತಂಡ ಬೇರೆ ಇಲ್ಲ. ಕಾನರ್ ಬೆಡಾರ್ಡ್ ಆಡಿದ್ದು ಈ ತಂಡಕ್ಕೆ. ಹದಿನೈದಕ್ಕೇ ಪೂರ್ತಿ ಆಡಲು ಈ ಲೀಗ್‌ನಲ್ಲಿ ಮೊದಲು ಅನುಮತಿ ಸಿಕ್ಕಿದ್ದು ಅವನಿಗೆ. 2022-23ರಲ್ಲಿ 57 ಪಂದ್ಯ, 71 ಗೋಲು. ಅವನು ಹೋದ ಊರಲ್ಲೆಲ್ಲ ಟಿಕೆಟ್ ಖಾಲಿ. ಆಮೇಲೆ ಎನ್‌ಎಚ್‌ಎಲ್‌ನ ಶಿಕಾಗೊ ತಂಡಕ್ಕೆ ಹೋದ. ನಾವು ಹೋದ ದಿನ ಸಾಕಷ್ಟು ಕುರ್ಚಿ ಖಾಲಿ ಇದ್ದವು, ಆಟವೂ ಸಪ್ಪೆ. ಎರಡನೇ ಪೀರಿಯಡ್‌ನಲ್ಲಿ ಇಬ್ಬರು ಕೈಗವಸು ಬಿಸಾಡಿ ಹೊಡೆದಾಡಿದರು. ಗ್ಯಾಲರಿಗೆ ಹೊಸ ಹುರುಪು ಬಂತು, ನನಗೆ ಬರಲಿಲ್ಲ.

ಶನಿವಾರ, ಹಂಬೋಲ್ಟ್ ದಾಟಿ ಪ್ರಿನ್ಸ್ ಆಲ್ಬರ್ಟ್

ನೇರ ಹೋಗಬಹುದಿತ್ತು. ಗೆಳೆಯ ಹಂಬೋಲ್ಟ್ ಮೇಲೆ ಹೋಗೋಣ ಅಂದ.

2018ರ ಏಪ್ರಿಲ್ 6ರಂದು ಹಂಬೋಲ್ಟ್ ಬ್ರಾಂಕೋಸ್ ತಂಡ ನಿಪವಿನ್‌ಗೆ ಪ್ಲೇಆಫ್ ಪಂದ್ಯಕ್ಕೆ ಹೊರಟಿತ್ತು. ಅದು ಬೇರೆ ಲೀಗ್, ಒಂದು ಮೆಟ್ಟಿಲು ಕೆಳಗೆ, ಆದರೆ ಅದೇ ವಯಸ್ಸಿನ ಹುಡುಗರು, ಅದೇ ರೀತಿಯ ಬಸ್ಸು. ಹಳ್ಳಿ ರಸ್ತೆಗಳು ಕೂಡುವಲ್ಲಿ ಸ್ಟಾಪ್ ಬೋರ್ಡ್ ದಾಟಿ ಬಂದ ಲಾರಿಗೆ ಬಸ್ಸು ಬಡಿಯಿತು. ಬಸ್ಸಿನಲ್ಲಿದ್ದ 29 ಜನರಲ್ಲಿ 16 ಜನ ಸತ್ತರು. ಹತ್ತು ಮಂದಿ ಆಟಗಾರರು. ಉಳಿದವರು ಕೋಚ್‌ಗಳು, ಥೆರಪಿಸ್ಟ್, ಅಂಕಿಅಂಶ ಬರೆಯುವ ಹುಡುಗ, ರೇಡಿಯೊ ಕಾಮೆಂಟರಿಯವರು, ಬಸ್ಸಿನ ಡ್ರೈವರ್. ಆ ವಾರ ದೇಶದ ತುಂಬ ಜನ ಮನೆ ಬಾಗಿಲಲ್ಲಿ ಹಾಕಿ ಸ್ಟಿಕ್ ಇಟ್ಟರು. ಸತ್ತವರಲ್ಲಿ ಒಬ್ಬ, ಲೋಗನ್ ಬೂಲೆ, ಮೊದಲೇ ಅಂಗದಾನಕ್ಕೆ ಹೆಸರು ಕೊಟ್ಟಿದ್ದ. ಅವನನ್ನು ನೋಡಿ ಲಕ್ಷಕ್ಕೂ ಮೀರಿ ಜನ ಹೆಸರು ಬರೆಸಿದರು.

ಲಾರಿ ಓಡಿಸುತ್ತಿದ್ದವನು ಭಾರತದಿಂದ ಬಂದ ಹುಡುಗ. ಕೆಲಸಕ್ಕೆ ಸೇರಿ ಹೆಚ್ಚು ದಿನ ಆಗಿರಲಿಲ್ಲ, ತರಬೇತಿಯೂ ಅಷ್ಟಕ್ಕಷ್ಟೆ. ತಪ್ಪೊಪ್ಪಿಕೊಂಡ, ಎಂಟು ವರ್ಷ ಶಿಕ್ಷೆ ಆಯಿತು. ಅಲ್ಲಿಯವರೆಗೆ ಸಸ್ಕ್ಯಾಚುವಾನ್‌ನಲ್ಲಿ ಲಾರಿ ಡ್ರೈವರ್‌ಗಳಿಗೆ ಕಡ್ಡಾಯ ತರಬೇತಿ ಇರಲಿಲ್ಲ. 2019ರಿಂದ ಕನಿಷ್ಠ 121.5 ಗಂಟೆ ಕಲಿಯಲೇಬೇಕು. ಆ ದಿನಗಳಲ್ಲಿ ಆಫೀಸಿನಲ್ಲಿ ಯಾರೂ ನಮಗೆ ಏನೂ ಅನ್ನಲಿಲ್ಲ. ಆದರೂ ಊಟದ ಮೇಜಿನಲ್ಲಿ ಆ ಸುದ್ದಿ ಬಂದಾಗ ನಾವಿಬ್ಬರೂ ತಲೆ ತಗ್ಗಿಸಿ ತಿನ್ನುತ್ತಿದ್ದೆವು.

ಹಂಬೋಲ್ಟ್ ತಂಡ ಆಡುವ ಎಲ್ಗರ್ ಪೀಟರ್ಸನ್ ಅರೀನಾ ಬಾಗಿಲು ತೆರೆದಿತ್ತು. ಒಳಗೆ ಆರೇಳು ವರ್ಷದ ಮಕ್ಕಳು ಸ್ಕೇಟ್ ಕಲಿಯುತ್ತಿದ್ದರು. ಬೀಳುವುದು, ಏಳುವುದು. ಕ್ಯಾಂಟೀನಿನವರು ಎಲ್ಲಿಂದ ಬಂದಿರಿ ಅಂತ ಕೇಳಿದರು. ಕ್ಯಾಲ್ಗರಿ, ಮೂಲತಃ ಭಾರತ ಅಂದೆವು. "ರಸ್ತೆ ಜಾರುತ್ತೆ, ಹುಷಾರಾಗಿ ಹೋಗಿ" ಅಂದು ಕಾಫಿ ಕೊಟ್ಟರು.

ಪ್ರಿನ್ಸ್ ಆಲ್ಬರ್ಟ್ ತಲುಪುವಾಗ ಕತ್ತಲೆ. ಆದರೆ ಇಡೀ ವಾರದಲ್ಲಿ ಹಬ್ಬ ಅಂದರೆ ಇಲ್ಲೇ. ಆರ್ಟ್ ಹೌಸರ್ ಸೆಂಟರ್ ಹಳೇ ಕಟ್ಟಡ, ಮೂರು ಸಾವಿರಕ್ಕೂ ಕಡಿಮೆ ಕುರ್ಚಿ, ತಗ್ಗು ಛಾವಣಿ. ಕೂಗು ಹೊರಗೆ ಹೋಗಲು ಜಾಗವೇ ಇಲ್ಲ, ತಿರುಗಿ ನಮ್ಮ ಕಿವಿಗೇ ಬರುತ್ತದೆ. ಇಲ್ಲಿನ ತಂಡ ರೇಡರ್ಸ್ ಈ ಲೀಗಿಗೆ ಬಂದದ್ದು 1982ರಲ್ಲಿ, ಮೆಮೋರಿಯಲ್ ಕಪ್ ಗೆದ್ದದ್ದು 1985ರಲ್ಲಿ. ಆಮೇಲೆ ಲೀಗ್ ಗೆಲ್ಲಲು 2019ರವರೆಗೆ ಕಾದರು. ಅದೂ ಫೈನಲ್‌ನ ಏಳನೇ ಪಂದ್ಯ, ಓವರ್‌ಟೈಮ್. ನಮ್ಮ ಪಕ್ಕದಲ್ಲಿ ಕೂತಿದ್ದವರು ಆ ಗೋಲನ್ನು ಕೈಯಲ್ಲಿ ಪಾಪ್‌ಕಾರ್ನ್ ಇಟ್ಟು ತೋರಿಸಿದರು. ಇದು ಗೋಲ್‌ಕೀಪರ್, ಇದು ಡಾಂಟೆ ಹನೂನ್. ಕೊನೆಗೆ ಹನೂನ್‌ನನ್ನು ತಿಂದುಬಿಟ್ಟರು.

ಐವತ್ತು-ಐವತ್ತು ಲಾಟರಿ ತಗೊಂಡೆವು, ಅರ್ಧ ಗೆದ್ದವರಿಗೆ, ಅರ್ಧ ತಂಡಕ್ಕೆ. ಬರಲಿಲ್ಲ. ಮೂರನೇ ಪೀರಿಯಡ್ ಕೊನೆಯಲ್ಲಿ ಸಮ. ಓವರ್‌ಟೈಮ್‌ನಲ್ಲಿ ಮೂರು ಮೂರು ಜನ ಮಾತ್ರ ಆಡುವುದರಿಂದ ಐಸ್ ತುಂಬಾ ಜಾಗ. ರೇಡರ್ಸ್ ಹುಡುಗ ಪಕ್ ಕಸಿದುಕೊಂಡು ಒಬ್ಬನೇ ಓಡಿದ. ಗೆಳೆಯ ಎದ್ದು ನಿಂತು ಕೊಡವ ಭಾಷೆಯಲ್ಲಿ ಏನೋ ಕಿರುಚಿದ. ಗೋಲು. ಯಾರೋ ಗೊತ್ತಿಲ್ಲದ ದೊಡ್ಡ ಮನುಷ್ಯ ನನ್ನನ್ನು ಎತ್ತಿಯೇಬಿಟ್ಟ.

ಭಾನುವಾರ, ಸಸ್ಕಟೂನ್

ಸಸ್ಕ್‌ಟೆಲ್ ಸೆಂಟರ್ ಸುಮಾರು 15,000 ಜನ ಹಿಡಿಸುವ ಜಾಗ. ಹೊರಗೆ ಎನ್‌ಎಚ್‌ಎಲ್‌ನ ಹಳೆಯ ದೊಡ್ಡ ಆಟಗಾರ ಗಾರ್ಡಿ ಹೌ ಪ್ರತಿಮೆ. ಹುಟ್ಟಿದ್ದು ಪಕ್ಕದ ಫ್ಲೋರಲ್‌ನಲ್ಲಿ, ಬೆಳೆದದ್ದು ಇಲ್ಲಿ. ಅವರ ಮತ್ತು ಹೆಂಡತಿಯ ಚಿತಾಭಸ್ಮ ಆ ಪ್ರತಿಮೆಯ ಬುಡದಲ್ಲೇ ಇದೆ. ಇಲ್ಲಿನ ಬ್ಲೇಡ್ಸ್ ತಂಡ ಲೀಗ್ ಶುರುವಾದಾಗಿನಿಂದ ಇದೆ. ಇನ್ನೂ ಒಮ್ಮೆಯೂ ಲೀಗ್ ಟ್ರೋಫಿ ಗೆದ್ದಿಲ್ಲ. 1989ರ ಮೆಮೋರಿಯಲ್ ಕಪ್ ಫೈನಲ್ ಇದೇ ಊರಲ್ಲಿ ನಡೆದಾಗ ಓವರ್‌ಟೈಮ್‌ನಲ್ಲಿ ಸ್ವಿಫ್ಟ್ ಕರೆಂಟ್ ಎದುರು ಸೋತರು. 2024ರಲ್ಲಿ ಮೂಸ್ ಜಾ ಎದುರು ಏಳನೇ ಪಂದ್ಯದಲ್ಲಿ ಸೋತರು. ಆದರೂ ಜನ ಬರುತ್ತಾರೆ, ನೀಲಿ ಹಳದಿ ಜರ್ಸಿ ಹಾಕಿಕೊಂಡು. ಇವತ್ತೂ ಸೋತರು.

ಸೋಮವಾರ, ವಾಪಸ್

600 ಕಿಲೋಮೀಟರ್. ರೋಸ್‌ಟೌನ್, ಕಿಂಡರ್ಸ್ಲಿ, ಡ್ರಮ್‌ಹೆಲ್ಲರ್. ಕಿಂಡರ್ಸ್ಲಿಯಲ್ಲಿ ಪೆಟ್ರೋಲ್ ಹಾಕಿಸುವಾಗ ಗೆಳೆಯ ಫೋನ್ ತೆಗೆದ.

"ಫೆಬ್ರವರಿಯಲ್ಲಿ ಶುಕ್ರವಾರ ಕ್ಯಾಮ್‌ಲೂಪ್ಸ್, ಶನಿವಾರ ಕೆಲೋನಾ. ಆಮೇಲೆ ಹಡಗು ಹತ್ತಿ ವಿಕ್ಟೋರಿಯಾ."

"ನಾನು ರಜೆ ಉಳಿಸಿಟ್ಟಿರೋದು ಊರಿಗೆ ಹೋಗೋಕೆ. ಮನೇಲಿ ಕೇಳಬೇಕು."

"ನಿನ್ನೆ ರಾತ್ರಿನೇ ಕೇಳಿದೆ. ಅತ್ತಿಗೆ ಹೂಂ ಅಂದಾಯ್ತು. ಅವರೂ ಬರ್ತಾರಂತೆ, ನೀನು ಹಿಂದಿನ ಸೀಟು."